ತುಟಿಯಲ್ಲಿ ಕಂಡಷ್ಟು

ವೂಚ್ ಪಟ್ಟಣದ ಹಳೇ ಹತ್ತಿಗಿರಣಿ
ಈಗ ಗಾಜಿನ ಅಂಗಡಿ.
ಹಣೆಯ ಮೇಲೆ ಆಳೆತ್ತರದ ಅಕ್ಷರ: ಲೈಫ್‌ಸ್ಟೈಲ್.

ಏಣಿ ಹತ್ತಿ ಅದನ್ನು ಒರೆಸುವವಳು ಯಡ್ವಿಗಾ.
ಮೂರನೇ ಅಕ್ಷರದ ಸಂದಿಯಲ್ಲಿ
ಪಾರಿವಾಳ ಮೊಟ್ಟೆಯಿಟ್ಟಿದೆ,
ಅಷ್ಟು ಜಾಗ ಬಿಟ್ಟು ಒರೆಸುತ್ತಾಳೆ.

ಇಪ್ಪತ್ತಾರು ವರ್ಷ ಇದೇ ಗೋಡೆಯೊಳಗೆ ಮಗ್ಗದ ಮುಂದೆ.
ಆ ಸದ್ದಿಗೆ ಕಿವಿ ಮಂದವಾಗಿ
ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು:
ಹಾಲಿನ ಸಾಲು, ಮಗುವಿನ ಜ್ವರ,
ಮೇಸ್ತ್ರಿಯ ಮೀಸೆ.
ಅವರು ನೂಲು ಸುತ್ತಿದ ಕಂಡಿಕೆಗಳೇ
ಶೆಲ್ಫಿನಲ್ಲಿ ಮೇಣದಬತ್ತಿಯ ಕಾಲುಗಳು;
ಒಂದರ ಬೆಲೆ ಅವಳ ಎರಡು ದಿನದ ಕೂಲಿ.

ಗಿರಾಕಿಯಿಲ್ಲದ ಬೆಳಿಗ್ಗೆ, ಹೊಸ ಹುಡುಗಿ ಕಿಂಗಾ
ಕಲಿತ ಪಾಠವನ್ನು ಇವಳಿಗೇ ಒಪ್ಪಿಸುತ್ತಾಳೆ:
"ನಿಮ್ಮ ಬದುಕಿನ ಶೈಲಿಗೆ ಯಾವುದು ಒಪ್ಪುತ್ತೆ, ಮೇಡಂ?"

ಯಡ್ವಿಗಾ ಇಳಿದು ಬಂದು
ಹುಡುಗಿಯ ಬಾಯನ್ನೇ ನೋಡಿದಳು.
ಇನ್ನೊಮ್ಮೆ ಹೇಳಿಸಿದಳು.
ಬದುಕು: ತುಟಿ ಕೂಡಿ ಬಿಚ್ಚಿತು, ಕಂಡಿತು.
ಶೈಲಿ ಮಾತ್ರ
ಹಲ್ಲಿನ ಹಿಂದೆಯೇ ಎಲ್ಲೋ ಜಾರಿಹೋಯಿತು.

"ಬದುಕಿಗಾ?" ಎಂದಳು,
ಮಗ್ಗ ಇನ್ನೂ ಓಡುತ್ತಿದೆಯೆಂಬಂತೆ, ಜೋರಾಗಿ.
"ಒಂದು ಬಕೆಟ್ ಬಿಸಿನೀರು ಕೊಡಮ್ಮ.
ಇನ್ನೂ ಐದು ಅಕ್ಷರ ಬಾಕಿ ಇದೆ."