ಟಚಪ್ ಇಲ್ಲದ ಪಟ

ಮೊದಲು ನೆರಳು ನೋಡಬೇಕು, ಸೂರ್ಯನನ್ನಲ್ಲ.
ಕಣದ ಸಿಮೆಂಟಿನ ಮೇಲೆ ದೂರದರ್ಶಕದ ನೆರಳು
ಒನಕೆಯಂತೆ ಉದ್ದಕ್ಕೆ ಮಲಗಿರುತ್ತದೆ.
ಕೊಳವೆಯನ್ನು ತಿರುಗಿಸುತ್ತ, ಎತ್ತುತ್ತ
ಅದನ್ನು ಕುಗ್ಗಿಸುತ್ತ ಬರಬೇಕು.
ಒನಕೆ ಕೊಳಗವಾಗಿ, ಕೊಳಗ ಬಳೆಯಾಗಿ,
ನೆರಳು ಇನ್ನು ಚಿಕ್ಕದಾಗಲಾರದು ಎಂಬಲ್ಲಿ
ಸೂರ್ಯ ತಾನಾಗಿ ಒಳಗೆ ಬಂದು ಕೂತಿರುತ್ತಾನೆ.

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಎದುರು
ನನ್ನದು ಮೂವತ್ತೆಂಟು ವರ್ಷದ ಸ್ಟುಡಿಯೋ.
‘ಗಲ್ಲ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ’ ಎಂದು
ಪಾಸ್‌ಪೋರ್ಟ್ ಮುಖಗಳಿಗೆಲ್ಲ ಹೇಳಿದವನು.
ಈ ಗಿರಾಕಿಗೆ ಹೇಳುವಂತಿಲ್ಲ.
ಮಿಟುಕಿಸುವುದು ಅವನೂ ಅಲ್ಲ, ನಡುವಿನ ಗಾಳಿ.

ನನ್ನ ಹಿತ್ತಿಲನ್ನು ಸಿಲ್ವರ್ ಓಕು ಮುಚ್ಚಿದೆ,
ಹಾಗಾಗಿ ಬೇಲಿ ದಾಟಿ ಪಳಂಗಪ್ಪನ ಕಾಫಿ ಕಣದ ಮೂಲೆ.
ದೂರದರ್ಶಕ ಒಬ್ಬ ಸುಬೇದಾರರ ಕೈಯಿಂದ ಕೊಂಡದ್ದು.
ಮೂತಿಗೆ ಬೆಳ್ಳಿ ಹಾಳೆಯ ಫಿಲ್ಟರು,
ಬಿಸ್ಕೆಟ್ ಡಬ್ಬಿಯ ಮುಚ್ಚಳ ಕತ್ತರಿಸಿ ಕೂರಿಸಿದ್ದು.
ದಿನಾ ಅದನ್ನು ಬೆಳಕಿಗೆ ಹಿಡಿದು ಸೂಜಿತೂತು ಹುಡುಕುತ್ತೇನೆ,
ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ.
ಇರುವುದು ಎರಡೇ ಕಣ್ಣು.

ಜನವರಿ. ಮಂಜು ಏಳುವುದು ಒಂಬತ್ತಕ್ಕೆ.
ಹತ್ತೂವರೆಗೆ ಕಣ ಕಾದುಬಿಡುತ್ತದೆ,
ಸೂರ್ಯನ ಅಂಚು ಒಲೆಯ ಮೇಲಿನ ಹಾಲಿನಂತೆ ನಡುಗುತ್ತದೆ.
ನಡುವೆ ಸಿಕ್ಕಷ್ಟು ಹೊತ್ತು.
ಎರಡು ಸಾವಿರ ಚಿತ್ರ ಹಿಡಿದರೆ
ಗಾಳಿ ಉಸಿರು ಬಿಗಿಹಿಡಿದ ಗಳಿಗೆಯವು ನೂರು.
ಆ ನೂರನ್ನು ಒಂದರ ಮೇಲೊಂದು ಇಟ್ಟರೆ
ಒಂದು ಮುಖ.

ಕಾಫಿ ಹರವುತ್ತಿದ್ದ ಚಾತಿ ಗೋರುಮಣೆ ನಿಲ್ಲಿಸಿ
ಸೆರಗು ಮರೆ ಮಾಡಿ ಲ್ಯಾಪ್‌ಟಾಪಿಗೆ ಇಣುಕಿದಳು.
‘ಒಟ್ಟಿ ಸೀದಿದೆ’ ಎಂದಳು.
ನಿಜ. ಕೆಂಡದ ಮೇಲೆ ಉಬ್ಬಿದ ಅಕ್ಕಿ ಒಟ್ಟಿಯ ಚುಕ್ಕೆಗಳೇ.
‘ಆ ಒಂದು ಚುಕ್ಕೆಯೊಳಗೆ ನಮ್ಮ ಇಡೀ ಭೂಮಿ ಹಿಡಿಸುತ್ತದೆ’ ಎಂದೆ.
ಅವಳು ಚುಕ್ಕೆ ನೋಡಿದಳು,
ಇನ್ನೂ ಹರವದೆ ಉಳಿದ ರಾಶಿ ನೋಡಿದಳು.
‘ಆಗಲಿ, ಅತ್ತ ಸರೀರಿ. ನಿಮ್ಮ ನೆರಳು ಕಾಫಿ ಮೇಲೆ ಬೀಳ್ತಿದೆ.’

ಒಮ್ಮೆ, ಎರಡು ದಿನ ಊರಿಗೆಲ್ಲ ತೋರಿಸಿದ ಕಲೆ
ಸೂರ್ಯ ಜರುಗಿದರೂ ಜರುಗಲಿಲ್ಲ.
ಕ್ಯಾಮೆರಾದೊಳಗಿನ ಧೂಳು.
ಅವತ್ತಿನಿಂದ ಔಷಧಿ ಅಂಗಡಿಯ ಉಸ್ಮಾನ್
‘ನಿಮ್ಮ ಸೂರ್ಯನ ಸ್ನಾನ ಆಯಿತಾ?’ ಎಂದೇ ಮಾತು ಶುರುಮಾಡುತ್ತಾನೆ.

ಕಲೆ ತೆಗೆಯುವುದು ನನಗೆ ಹೊಸದಲ್ಲ.
ಆಗ ಸಪೂರ ಕುಂಚ, ಆಮೇಲೆ ಮೌಸು.
ಮೊಡವೆ, ಸಿಡುಬಿನ ಕುಳಿ, ಕತ್ತಿ ತಾಗಿದ ಗೀರು.
ದೇಚಮ್ಮನ ಮದುವೆ ಪಟದಲ್ಲಿ ಎಡಗೆನ್ನೆಯ ಮಚ್ಚೆ ಅಳಿಸಿದ್ದೆ.
ಕೇಳದೆ. ಪುಕ್ಕಟೆ.
ಕಳೆದ ಮಳೆಗಾಲ ಮಗಳು ಪೊನ್ನವ್ವ
ಆ ಪಟವನ್ನೇ ಟವೆಲಿನಲ್ಲಿ ಸುತ್ತಿ ತಂದಳು,
ಗೋಡೆಗೆ ದೊಡ್ಡದು ಮಾಡಿಸಲು.
ಕೌಂಟರಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು.
‘ಅವ್ವನಿಗೆ ಇಲ್ಲೊಂದು ಮಚ್ಚೆ ಇತ್ತು. ಅದು ಬೇಕು.’
ನೆಗೆಟಿವ್ ಹುಡುಕಿದೆ. ಬೂಸಲು ತಿಂದಿತ್ತು.
‘ಸರಿಯಾಗಿ ಎಲ್ಲಿತ್ತು?’ ಎಂದು ಕೇಳಿದವನು ನಾನು.
ಅವಳು ತನ್ನ ಕೆನ್ನೆಯ ಮೇಲೆ ಬೆರಳಿಟ್ಟಳು,
ತುಸು ಸರಿಸಿದಳು,
ಮತ್ತೆ ಸರಿಸಿದಳು.

ಹನ್ನೊಂದು ದಿನ ಜರುಗಿ ಜರುಗಿ
ಇವತ್ತು ಕಲೆ ಅಂಚಿಗೆ ಬಂದಿದೆ,
ಓರೆಯಾಗಿ, ಬತ್ತದ ಕಾಳಿನಷ್ಟು ಸಪೂರ.
ನಾಳೆ ಆಚೆ ಮಗ್ಗುಲಿಗೆ ಹೊರಳುತ್ತದೆ.
ಎರಡು ವಾರಕ್ಕೆ ಮರಳಿದರೂ ಮರಳೀತು,
ಅಲ್ಲೇ ಕರಗಿದರೂ ಕರಗೀತು.
ರಾತ್ರಿ ಕಂಪ್ಯೂಟರಿನ ಮುಂದೆ ಕೂತಾಗ
ಕಲೆ ಅಳಿಸುವ ಬ್ರಶ್ಶು ತಾನಾಗಿ ಕೈಗೆ ಬಂತು. ಹಳೆಯ ಚಾಳಿ.
ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.
ಆಮೇಲೆ ನೋಟ್‌ಬುಕ್ಕಿನಲ್ಲಿ
ತಾರೀಖು, ಗಂಟೆ, ನಿಮಿಷ,
ಕೆಳಗೆ ಎಲ್ಲಿತ್ತೆಂದು:
ಎಡಗಡೆ, ಅಂಚಿನಿಂದ ಒಂದು ಉಗುರಿನಷ್ಟು ಒಳಗೆ.