ಹದಿನೇಳನೆಯ ಕಲ್ಲು

ಕುಡ್ತರಿಯ ಸಾಲೆಯಲ್ಲಿ ಮೂರನೆಯ ಗಂಟೆ ಬಾರಿಸಿದರೆ
ತರಗತಿ ಎರಡು ಹೋಳು:
ಕೊರಳಲ್ಲಿ ಶಿಲುಬೆ ಇದ್ದವರು ಧರ್ಮೋಪದೇಶಕ್ಕೆ, ಒಳಗೆ;
ಉಳಿದವರು, ಅಂದರೆ ನಾನು, ಝೀನತ್, ಗಾವಡೆಯವರ ಅವಳಿಗಳು,
ನೀತಿಪಾಠಕ್ಕೆ, ಹೊರಗೆ.
ಕಿಟಕಿಯಿಂದ ಪ್ರಶ್ನೆ ತೇಲಿ ಬರುತ್ತಿತ್ತು:
ನಿನ್ನನ್ನು ಮಾಡಿದವರು ಯಾರು?
ಇಪ್ಪತ್ತಾರು ಬಾಯಿ ಒಂದೇ ಉಸಿರಿಗೆ ಉತ್ತರಿಸುತ್ತಿದ್ದವು.
ನನಗೂ ಉತ್ತರ ಬಾಯಿಪಾಠವಾಗಿತ್ತು.
ಯಾರೂ ಕೇಳಲಿಲ್ಲ.

ಸಿಸ್ಟರ್ ಲುದೊವೀನಾಗೆ ನೀತಿಪುಸ್ತಕ ಸೇರುತ್ತಿರಲಿಲ್ಲ.
ವಿಜ್ಞಾನದವರು; ಬೂದು ಉಡುಪಿನ ಜೇಬಿನಲ್ಲಿ
ಜಪಮಣಿಯ ಜೊತೆಗೊಂದು ಭೂತಗನ್ನಡಿ.
ಜೂನ್ ಮೊದಲ ವಾರ ಕಾಂಪೌಂಡ್ ಗೋಡೆಗೆ ನಮ್ಮನ್ನು ನಿಲ್ಲಿಸಿ
ಒಬ್ಬೊಬ್ಬಳಿಗೆ ಒಂದೊಂದು ಮುರಕಲ್ಲು ಹಂಚಿದರು.
ಗೇಟಿನಿಂದ ಹದಿನೇಳನೆಯದು, ಕೆಳಗಿನಿಂದ ನಾಲ್ಕನೆಯ ಸಾಲು:
‘ವರ್ಷವಿಡೀ ಇದೇ ನಿನ್ನ ಪಾಠ, ಉಲಿಗೆಮ್.’
ಹುಲಿಗೆವ್ವ ಎಂಬುದು ಅವರ ಕೊಂಕಣಿ ನಾಲಗೆಗೆ
ಎಂದೂ ಪೂರ್ತಿ ದಕ್ಕಲಿಲ್ಲ.

ನಗು ಬಂತು. ಕಲ್ಲು ನೋಡಲು ಸಾಲೆಗೆ ಬರಬೇಕೆ?
ನಮ್ಮಪ್ಪ ದುರ್ಗಪ್ಪ ದಿಬ್ಬದಾಚೆಯ ಗಣಿಯಲ್ಲಿ
ದಿನಕ್ಕೆ ಎಪ್ಪತ್ತು ಕಡಿಯುತ್ತಿದ್ದ.
ರೊಟ್ಟಿಯಲ್ಲೂ ಅದರ ಕೆಂಪು ಪುಡಿ, ಅವ್ವನ ಹೆರಳಲ್ಲೂ.
ನಮ್ಮಲ್ಲಿ ಕಲ್ಲೆಂದರೆ ಕೂಲಿ;
ಎಣಿಸುವುದು, ನೋಡುವುದಲ್ಲ.

ಮೊದಲ ದಿನ ಬರೆದೆ: ಕಲ್ಲು. ಕೆಂಪಗಿದೆ. ತೂತುಗಳಿವೆ.
ಎರಡನೆಯ ದಿನ: ಹಾಗೇ ಇದೆ.
ಮೂರನೆಯ ದಿನ ಸಮುದ್ರದ ಕಡೆಯಿಂದ ಮಳೆ ಬಂದು
ಒಂದು ತೂತಿನಲ್ಲಿ ನೀರು ನಿಂತು ಕಣ್ಣಾಯಿತು.
ಅಲ್ಲಿಂದ ಮುಂದೆ ಪುಟ ಸಾಲಲಿಲ್ಲ.
ಪಾಚಿ, ಮೊದಲು ಹಸುಗೂಸಿನ ನೆತ್ತಿಯ ಹಾಗೆ;
ಆಮೇಲೆ ಅದರಿಂದೆದ್ದ ಕೂದಲೆಳೆಯ ಕಾಂಡ, ತುದಿಗೊಂದು ಕುಲಾವಿ;
ಅಕ್ಕಿನುಚ್ಚಿಗಿಂತ ಸಣ್ಣ ಬಸವನಹುಳು,
ಒಂದು ಗೇಣು ಏರಲು ಒಂದು ಪೀರಿಯಡ್ಡು;
ಕಣಜ ಎಳೆದು ತಂದ ಹಸಿರು ಹುಳ,
ಸತ್ತದ್ದಲ್ಲ, ಮಂಪರಿನಲ್ಲಿದ್ದದ್ದು,
ಹುಟ್ಟಲಿರುವ ಮರಿಗೆ ಬುತ್ತಿ.
ಅದನ್ನು ಕಂಡು ಅತ್ತೆ. ಸಿಸ್ಟರ್ ಸಮಾಧಾನ ಹೇಳಲಿಲ್ಲ.
ಭೂತಗನ್ನಡಿ ಕೊಟ್ಟರು.

ಆಗಸ್ಟಿನಲ್ಲಿ, ಜರಿಗಿಡದ ಸುರುಳಿ ಬಿಚ್ಚತೊಡಗಿದ ಬೆಳಿಗ್ಗೆ,
ಮಾತು ಸಿಗದೆ ಬರೆದೆ: ಇದು ದೇವರ ಕೆಲಸ.
ಕೆಂಪು ಶಾಯಿಯ ಅಡ್ಡಗೆರೆ ಬಂತು.
‘ಅದು ನನಗೂ ಗೊತ್ತು. ಎಷ್ಟು ಸುತ್ತು? ಅದನ್ನು ಬರಿ.’
ಮತ್ತೆ ಹೋಗಿ ಎಣಿಸಿದೆ. ಎರಡೂವರೆ.
ಓದಿದರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು,
ನೊಣ ಓಡಿಸಿದಷ್ಟು ಹಗುರಾಗಿ.

ಪಾಲಕರ ಸಭೆಗೆ ಅಪ್ಪ ಬಂದ. ತೊಟ್ಟ ಅಂಗಿ ಅವನದಲ್ಲ.
ಇಂಗ್ಲಿಷಿಗೂ ಕೊಂಕಣಿಗೂ ಹೆದರಿ ಗೋಡೆಯ ಕಡೆ ಸರಿದ.
ನಾನು ತೋರಿಸಿದ ಕಲ್ಲನ್ನು ಬೆರಳಗೆಣ್ಣಿನಿಂದ ತಟ್ಟಿ
ಕಿವಿಯಿಟ್ಟ.
‘ನೆಲದಾಗ ಇದ್ದಾಗ ಬೆಲ್ಲ ಇದ್ದಂಗ ಇರತೈತಿ.
ಗಾಳಿ ಬಡದ ಮ್ಯಾಲ ಕಲ್ಲಾಗತೈತಿ.
ಇಲ್ಲಿ ನೋಡ, ಕೊಡಲಿ ಗೀರು ವಾರಿ ಬಿದ್ದಾವ.
ಇದನ್ನ ಕಡದಾಂವ ಎಡಚ.’
ಸಿಸ್ಟರ್ ನನ್ನ ಮುಖ ನೋಡಿದರು; ನಾನು ತರ್ಜುಮೆ ಮಾಡಿದೆ.
ಹತ್ತೊಂಬತ್ತು ವರ್ಷ ಆ ಗೋಡೆಯ ಪಕ್ಕ ನಡೆದವರು
ಮಂಡಿಯೂರಿ, ಅಪ್ಪನ ಬೆರಳಿನ ಹಿಂದೆ ಹಿಂದೆ
ಗೀರು ಗೀರಾಗಿ ಕಲ್ಲನ್ನು ಓದಿದರು.

ಇಗರ್ಜಿಯಿಂದ ನಡುಮಧ್ಯಾಹ್ನದ ಗಂಟೆ.
ಅಂಗಳವೆಲ್ಲ ಇದ್ದಲ್ಲೇ ನಿಂತಿತು.
ಅಪ್ಪನೂ ನಿಂತ. ಯಾಕೆಂದು ಕೇಳಲಿಲ್ಲ.
ಕೈ ಇನ್ನೂ ಕಲ್ಲ ಮೇಲಿತ್ತು.

ನಾನು ಅವರ ಧರ್ಮಕ್ಕೆ ಹೋಗಲಿಲ್ಲ; ಅವರು ಕರೆಯಲೂ ಇಲ್ಲ.
ಆ ವರ್ಷದ ಪ್ರಗತಿಪುಸ್ತಕ ಮಾತ್ರ ಉಳಿದಿದೆ:
ಗಣಿತಕ್ಕೆ ಮೂವತ್ತೆಂಟು, ನಡತೆ ಉತ್ತಮ,
ಸಹಿಯ ಜಾಗದಲ್ಲಿ ಅಪ್ಪನ ಹೆಬ್ಬೆಟ್ಟು,
ನೀಲಿ ಶಾಯಿಯೊಳಗೆ ಕೆಂಪು ಪುಡಿ ಬೆರೆತದ್ದು.
ಕೆಲವು ರಾತ್ರಿ ದೀಪದ ಕೆಳಗೆ ಹಿಡಿದು
ಸುತ್ತು ಎಣಿಸುತ್ತೇನೆ.
ಒಂಬತ್ತರ ತನಕ ಸಿಗುತ್ತವೆ.
ಆಮೇಲೆ ಧೂಳು.