ಅರ್ಧ ಪವನಿಗೆ ಸ್ವಲ್ಪ ಮೇಲೆ

ಹಳೇ ಮಾದರಿಯದ್ದೇ ಬೇಕು, ಅಂದೆ.
ಕಪ್ಪು ಉಕ್ಕು, ಗೀರು ಗೀರಿನ ಮರದ ಹಿಡಿ,
ಬೆನ್ನ ಮೇಲೆ ಕಣ್ಣಿಗೆ ಕಾಣುವ ಹಾಗೆ ಕುದುರೆ.
ಪ್ಲಾಸ್ಟಿಕ್ಕಿನದ್ದು ಬೇಡ ಮಾರಾಯ್ರೆ,
ಅದು ಬಚ್ಚಲ ಮಗ್ಗಿನ ಜಾತಿ.

ಸೆವೆರಿನ್ ಲಸ್ರಾದೊ ನಕ್ಕರು.
ಹಂಪನಕಟ್ಟೆಯ ಏರಿನಲ್ಲಿ ಅವರ ಅಂಗಡಿ,
ಒಂದು ಬದಿಗೆ ಕನ್ನಡಕದವರು, ಇನ್ನೊಂದು ಬದಿಗೆ ಐಸ್‌ಕ್ರೀಮು,
ನಡುವೆ ಕಬ್ಬಿಣದ ಜಾಲರಿ,
ಅಡುಗೆಗೂ ತಲೆಗೂ ಆಗದ ಒಂದು ಎಣ್ಣೆಯ ವಾಸನೆ.
"ರೂಪ ಆಯ್ತು ಶೇಟ್ರೆ. ಬೋರ್ ಯಾವುದು?"

ಇಪ್ಪತ್ತೆರಡು ಉಂಟು, ಮೂವತ್ತೆರಡು ಉಂಟು.
ನಲವತ್ತೈದು ಪುಸ್ತಕದ ಚಿತ್ರದಲ್ಲಿ ಮಾತ್ರ,
ನನಗೂ ನಿಮಗೂ ಸರಕಾರ ಅದನ್ನು ಕೊಡುವುದಿಲ್ಲ.
"ತಮಾಷೆ ನೋಡಿ," ಅಂದರು, "ಈ ರೂಪ ಹುಟ್ಟಿದ್ದೇ ಆ ನಲವತ್ತೈದಕ್ಕೆ.
ದೊಡ್ಡ ಮನೆ ಕಟ್ಟಿಸಿದವ ಹೋದ,
ಈಗ ಬಾಡಿಗೆಗೆ ಸಣ್ಣ ಸಂಸಾರ."

ಇಂಚಿನ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.
ಭವಂತಿ ರಸ್ತೆಯಲ್ಲಿ ನಲವತ್ತು ವರ್ಷ
ಚಕ್ಕಳಮಕ್ಕಳ ಹಾಕಿ ಕೂತವ ನಾನು.
ತೂಕ ಹೇಳಿ, ಅಂದೆ.
ಪೆಟ್ಟಿಗೆಯ ಮೇಲೆ ಗ್ರೇನಿನಲ್ಲಿ ಬರೆದಿತ್ತು.
ಅವರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ
ಒಂದನ್ನು ಅಂಗೈಗೆ ಹಾಕಿ ಎರಡು ಸಲ ಎತ್ತಿ ಇಳಿಸಿದೆ.
ಹಾರದಲ್ಲಿ ಕಲ್ಲು ಕಳೆಯುತ್ತೇವೆ, ಅರಗು ಕಳೆಯುತ್ತೇವೆ,
ಹಾಗೆ ಹಿತ್ತಾಳೆ ಕಳೆದೆ, ಮದ್ದು ಕಳೆದೆ.
ಉಳಿದದ್ದು,
ನಿಜಕ್ಕೂ ಹೋಗಿ ತಾಗುವುದು,

ಇಪ್ಪತ್ತೆರಡರದ್ದು ಎರಡೂವರೆ ಗ್ರಾಮಿನ ಸುತ್ತಮುತ್ತ:
ತೊಟ್ಟಿಲ ಮಗುವಿನ ಒಂಟಿ, ಜೋಡಿ.
ಚಿತ್ರದ ನಲವತ್ತೈದು ಎರಡು ಪವನಿಗೆ ಒಂದು ಗ್ರಾಮ್ ಕಡಿಮೆ:
ಚೀಟಿ ಕಟ್ಟಿ ಮಾಡಿಸುವವರ ಕರಿಮಣಿ.
ಮೂವತ್ತೆರಡು
ಅರ್ಧ ಪವನ್, ಮತ್ತೆ ಸ್ವಲ್ಪ.
ಹರೆಯಕ್ಕೆ ಬಂದ ಹುಡುಗಿಯ ಬೆಂಡೋಲೆ.
ಎಷ್ಟು ಮಾಡಿಲ್ಲ ನಾನು ಅದನ್ನು.

ಇದು ಮನುಷ್ಯನನ್ನು ನಿಲ್ಲಿಸ್ತದಾ?
ಲಸ್ರಾದೊ ಗಾಜು ಒರೆಸಿದರು, ಒರೆಸಿದ್ದನ್ನೇ.
"ತಾಗಿದ್ರೆ.
ಇಪ್ಪತ್ತೆರಡು ಒದೆಯುವುದಿಲ್ಲ, ಇಟ್ಟಲ್ಲಿಗೆ ಹೋಗ್ತದೆ.
ದೊಡ್ಡದಾದ ಹಾಗೆ ಕೈ ಹೆದರ್ತದೆ.
ಹೆದರಿದ ಕೈಯದ್ದು ಗೋಡೆಗೆ."

ಹೆದರಿದ ಕೈ ನಾನು ನೋಡಿದ್ದೇನೆ.
ಎರಡು ವರ್ಷದ ಹಿಂದೆ, ಶಟರ್ ಅರ್ಧ ಎಳೆದ ಹೊತ್ತು,
ದಾಮೋದರ ಆಚಾರಿಯ ಕುಲುಮೆ ಇನ್ನೂ ಬಿಸಿ,
ಹೆಲ್ಮೆಟ್ ತೆಗೆಯದೆ ಬಗ್ಗಿ ಒಳಗೆ ಬಂದ ಹುಡುಗ.
ನನ್ನ ಹಣೆಯ ಎದುರು ಪಿಸ್ತೂಲಿನ ಬಾಯಿ ಗಡಗಡ.
"ಬೇಗ ಕೊರ್ಲೆ ಅಣ್ಣೆರೆ, ಬೇಗ."
ಅಂಥ ಹೊತ್ತಿನಲ್ಲೂ ಬಹುವಚನ.
ಹನ್ನೊಂದು ಪವನ್ ಕೊಟ್ಟೆ. ಬಿಲ್ಲಿಲ್ಲ, ಮಜೂರಿ ಇಲ್ಲ.
ಸುರತ್ಕಲ್ಲಿನಲ್ಲಿ ಸಿಕ್ಕಿಬಿದ್ದ ಮೇಲೆ
ಎಸ್ಸೈ ಅದನ್ನು ಮೇಜಿನ ಮೇಲಿಟ್ಟು ಒತ್ತಿ ತೋರಿಸಿದರು.
ಸಣ್ಣದೊಂದು ನೀಲಿ ಜ್ವಾಲೆ.
ಸಿಗರೇಟು ಹಚ್ಚುವ ಲೈಟರ್.
ಬೋರ್ ಸೊನ್ನೆ.

ಅಷ್ಟರಲ್ಲಿ ಅರ್ಜಿ ಹಾಕಿ ಆಗಿತ್ತು.
ಕಮಿಷನರ್ ಕಚೇರಿಯ ಮೆಟ್ಟಿಲು, ನೆರೆಮನೆಯವರ ಹೇಳಿಕೆ,
ಬುದ್ಧಿ ಸರಿ ಉಂಟು ಅಂತ ಡಾಕ್ಟರ ಸಹಿ.
ಭಯ ಸವೆದುಹೋದರೂ ಕಾಗದ ನಡೆಯುತ್ತಲೇ ಇರುತ್ತದೆ,
ಮೊನ್ನೆ ಬಂದು ಮುಟ್ಟಿತು.
ಈ ತಿಂಗಳ ಮೂವತ್ತರೊಳಗೆ ಕೊಳ್ಳದಿದ್ದರೆ ರದ್ದು.

ಮೂವತ್ತೆರಡು ಬರೆಯಿರಿ, ಅಂದೆ.

ಮನೆಯಲ್ಲಿ ಮುಕ್ತಾ ಬಂಗುಡೆಯ ಕಿವಿರು ಕೀಳುತ್ತಿದ್ದಳು.
ನಾನು ಏನು ತಂದರೂ ಕೇಳುವ ಹಾಗೆ ಕೇಳಿದಳು:
ಎಷ್ಟು ಪವನ್?
ಅರ್ಧ ಪವನಿಗೆ ಸ್ವಲ್ಪ ಮೇಲೆ, ಅಂದೆ.

ನಮ್ಮ ಆರ್ಡರ್ ಪುಸ್ತಕದಲ್ಲಿ ತೂಕದ ಪಕ್ಕಕ್ಕೆ ಒಂದು ಖಾನೆ ಉಂಟು.
ಅದು ತುಂಬದೆ ಆಚಾರಿ ಕುಲುಮೆ ಊದುವುದಿಲ್ಲ.

ಅವಳು ಮೀನಿನಿಂದ ತಲೆ ಎತ್ತಲಿಲ್ಲ.
ಯಾರಿಗೆ? ಅಂದಳು.